ಪತ್ರಿಕೆ ಯಾರದು, ಸುದ್ದಿ ಯಾರದು?

(ಕಾರ್ಮಿಕರು ಹಾಗೂ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಇಂದು ಐಸ್‌ಲೆಂಡ್ ಎಂಬ ಸಣ್ಣ ದೇಶದ ಮಾತನ್ನು ನಿಮ್ಮ ಮುಂದಿಡುತ್ತೇವೆ. ಉತ್ತರ ಅಟ್ಲಾಂಟಿಕ್ ಸಾಗರದ ಆ ದ್ವೀಪದಲ್ಲಿ ಜನಸಂಖ್ಯೆ ನಾಲ್ಕು ಲಕ್ಷವೂ ಇಲ್ಲ. ಓದು ಬಾರದವರು ಇಲ್ಲವೆಂದೇ ಹೇಳಬೇಕು. ಇಂಥ ನಾಡಿನಲ್ಲಿ ಜನರ ಕಣ್ಣಿಗೆ ಮಣ್ಣೆರಚುವುದು ಸಾಧ್ಯವೇ? ಸಾಧ್ಯವಾಯಿತು.

2001ರಲ್ಲಿ ಅಲ್ಲಿ ‘ಫ್ರೆಟ್ಟಬ್ಲಾದಿದ್’ ಎಂಬ ದಿನಪತ್ರಿಕೆ ಹುಟ್ಟಿತು. ಓದುಗ ಕಾಸು ಕೊಡಬೇಕಾಗಿರಲಿಲ್ಲ. ಪತ್ರಿಕೆ ಮನೆಬಾಗಿಲಿಗೇ ಬಂದು ಬೀಳುತ್ತಿತ್ತು. ಕಾಗದ, ಅಚ್ಚು, ಸಂಬಳದ ಖರ್ಚನ್ನೆಲ್ಲ ಜಾಹೀರಾತು ಹೊರುತ್ತಿತ್ತು. 2004ರ ಹೊತ್ತಿಗೆ ಅದು ಬೌಗುರ್ ಕಂಪನಿಯ ಹಿಡಿತದಲ್ಲಿತ್ತು. ದೇಶದ ದಿನಸಿ ವ್ಯಾಪಾರದ ದೊಡ್ಡ ಪಾಲೂ ಅದೇ ಕಂಪನಿಯದು. ಮುಖ್ಯ ಖಾಸಗಿ ಟೆಲಿವಿಷನ್ ಕೇಂದ್ರದಲ್ಲೂ ಅದರದೇ ಕೈ. ಅಂಗಡಿ ಇಟ್ಟವರು ಯೋಚಿಸಿ: ನಿಮ್ಮ ಎದುರಾಳಿಯೇ ಪತ್ರಿಕೆಯ ಯಜಮಾನನಾದರೆ ನಿಮ್ಮ ಅಹವಾಲು ಯಾವ ಪುಟದಲ್ಲಿ ಅಚ್ಚಾದೀತು?

ಆ ವರ್ಷ ಪ್ರಧಾನಿ ದಾವಿದ್ ಓದ್ಸನ್ ಅವರ ಸರಕಾರ, ಪತ್ರಿಕೆ ಮತ್ತು ಪ್ರಸಾರ ಕೇಂದ್ರ ಒಂದೇ ಕೈಯಲ್ಲಿರದಂತೆ ತಡೆಯುವ ಕಾನೂನು ತಂದಿತು. ಇದು ಒಂದು ಕಂಪನಿಯ ಮೇಲಿನ ಹಗೆ ಎಂದು ವಿರೋಧಿಗಳು ಕೂಗಿದರು. ಅಧ್ಯಕ್ಷ ಓಲಾಫುರ್ ಗ್ರಿಮ್ಸನ್ ಜೂನ್ 2ರಂದು ಸಹಿ ಹಾಕಲು ಒಪ್ಪಲಿಲ್ಲ. 1944ರಲ್ಲಿ ಗಣರಾಜ್ಯವಾದ ಮೇಲೆ ಹೀಗಾದದ್ದು ಅದೇ ಮೊದಲು. ಕಾನೂನು ಜನರ ಮತಕ್ಕೆ ಹೋಗಬೇಕಾಗಿತ್ತು. ಹೋಗುವ ಮೊದಲೇ ಸರಕಾರ ಅದನ್ನು ಹಿಂತೆಗೆದುಕೊಂಡಿತು. ದೊಡ್ಡವರ ಜಗಳ ಮುಗಿಯಿತು, ಓದುಗನ ಪ್ರಶ್ನೆ ಉಳಿಯಿತು.

ಅದರ ಬೆಲೆ 2008ರಲ್ಲಿ ತಿಳಿಯಿತು. ಆಗ ದೊಡ್ಡ ಪತ್ರಿಕೆಗಳ ಒಡೆಯರೇ ದೊಡ್ಡ ಬ್ಯಾಂಕುಗಳ ಷೇರುದಾರರು. ಬ್ಯಾಂಕುಗಳು ದೇಶದ ವಾರ್ಷಿಕ ಉತ್ಪನ್ನದ ಹಲವು ಪಟ್ಟು ಉಬ್ಬಿದ್ದವು. ಅಕ್ಟೋಬರಿನಲ್ಲಿ ಒಂದೇ ವಾರದೊಳಗೆ ಮೂರು ದೊಡ್ಡ ಬ್ಯಾಂಕುಗಳೂ ಕುಸಿದವು. ನಾಣ್ಯದ ಬೆಲೆ ಸುಮಾರು ಅರ್ಧಕ್ಕಿಳಿಯಿತು. ವಿದೇಶಿ ನಾಣ್ಯದ ಲೆಕ್ಕದಲ್ಲಿ ಸಾಲ ಮಾಡಿದ್ದ ಸಂಬಳದಾರನ ಸಾಲ ಬೆಳೆಯಿತು. ಕಾವಲು ಕಾಯಬೇಕಾದ ಪತ್ರಿಕೆಗಳು ಕಾಯಲಿಲ್ಲವೆಂದು 2010ರಲ್ಲಿ ಸಂಸತ್ತು ನೇಮಿಸಿದ್ದ ತನಿಖಾ ಆಯೋಗವೇ ಹೇಳಿತು. ಯಜಮಾನನ ಮನೆಗೆ ಬೆಂಕಿ ಬಿದ್ದಾಗ ನಾಯಿ ಬೊಗಳಲಿಲ್ಲ.

ಆಮೇಲಾದರೂ ಬದಲಾಯಿತೇ? 1913ರಿಂದ ನಡೆಯುತ್ತಿದ್ದ ‘ಮೊರ್ಗುನ್‌ಬ್ಲಾದಿದ್’ ಪತ್ರಿಕೆಯನ್ನು 2009ರಲ್ಲಿ ಕೊಂಡವರಲ್ಲಿ ಮೀನುಗಾರಿಕೆ ಹಡಗುಗಳ ಧಣಿಗಳಿದ್ದರು. ಸಮುದ್ರದ ಮೀನು ಹಿಡಿಯುವ ಹಕ್ಕು ಯಾರದೆಂಬುದು ಆ ದೇಶದ ಬಹು ದೊಡ್ಡ ವ್ಯಾಜ್ಯ. ಅದೇ ವರ್ಷ ಸಂಪಾದಕರ ಕುರ್ಚಿಯಲ್ಲಿ ಕುಳಿತವರು ಯಾರು? ಬ್ಯಾಂಕುಗಳು ಕುಸಿದಾಗ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಅದೇ ಓದ್ಸನ್! ಪುಕ್ಕಟೆ ಪತ್ರಿಕೆ 2023ರಲ್ಲಿ ಬಾಗಿಲು ಹಾಕಿತು.

ಮಿತ್ರರೇ, ಪತ್ರಿಕೆ ಸುಳ್ಳು ಬರೆದರೆ ಎಂದಾದರೂ ಸಿಕ್ಕಿಬೀಳುತ್ತದೆ. ಬರೆಯದೆ ಬಿಟ್ಟದ್ದನ್ನು ಹಿಡಿಯುವವರು ಯಾರು? ಆದ್ದರಿಂದ ಪ್ರತಿ ಪತ್ರಿಕೆಯ ಒಡೆಯನ ಹೆಸರು, ಅವನ ಬೇರೆ ವ್ಯವಹಾರ ಜನರಿಗೆ ತಿಳಿಯಬೇಕು. ಒಡೆತನವನ್ನು ಬಯಲು ಮಾಡಬೇಕೆಂಬ ಕಾನೂನನ್ನು ಐಸ್‌ಲೆಂಡ್ 2011ರಲ್ಲಿ ಮಾಡಿತು. ಅದು ಮೊದಲ ಹೆಜ್ಜೆ. ಎರಡನೆಯದು ನಮ್ಮ ಕೈಯಲ್ಲಿದೆ: ನಮ್ಮ ಪರ ಮಾತಾಡುವ ಪತ್ರಿಕೆ ಬೇಕಾದರೆ ಅದರ ಚಂದಾವನ್ನು ನಾವೇ ತೆರಬೇಕು. ನಾವು ಕೊಡದ ಕಾಸನ್ನು ಬೇರೆಯವನು ಕೊಡುತ್ತಾನೆ. ಪತ್ರಿಕೆ ಅವನ ಮಾತನ್ನೇ ಆಡುತ್ತದೆ.