ಕತ್ತಲೆಯಲ್ಲಿ ಕೇಳಿದ ಕಥೆ



ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಂಥ ನಾಡಿನಿಂದ ಬಂದ ನಮಗೆ ಕತ್ತಲೆಯ ಬೆಲೆ ತಿಳಿದದ್ದು ಈ ಕಲ್ಕತ್ತೆಯಲ್ಲಿ.

2020ರ ಮೇ 20ರ ಸಂಜೆ ಅಂಫಾನ್ ಚಂಡಮಾರುತ ನಗರದ ಮೇಲೆ ಎರಗಿತು. ಸಾವಿರಾರು ಮರಗಳು ಉರುಳಿದವು, ತಂತಿಗಳು ಹರಿದವು. ನಮ್ಮ ಕಟ್ಟಡದಲ್ಲಿ ನಾಲ್ಕು ದಿನ ದೀಪವಿಲ್ಲ. ಪಂಪು ನಿಂತು ನಲ್ಲಿಯೂ ಬತ್ತಿತು. ಕೊರೋನಾದ ಭಯದಿಂದ ಬಾಗಿಲು ಮುಚ್ಚಿಕೊಂಡಿದ್ದ ನಾವೆಲ್ಲ ಬಕೆಟ್ಟು ಹಿಡಿದು ಮೆಟ್ಟಿಲ ಮೇಲೆ ಸಾಲುಗಟ್ಟಿದೆವು. ಕೆಳಮನೆಯ ಬಂಗಾಳಿ ಮಾಶಿಮಾ ಮೇಣದಬತ್ತಿ ಕೊಟ್ಟರು; ನಮ್ಮ ಅಮ್ಮ ಅವರಿಗೆ ಗೊಜ್ಜವಲಕ್ಕಿ ಕೊಟ್ಟರು.

ಟಿವಿ ಇಲ್ಲ, ಮೊಬೈಲಿಗೆ ಜೀವವಿಲ್ಲ. ಆಗ ಆರು ವರ್ಷದವಳಾಗಿದ್ದ ಮಗಳು ಅಜ್ಜಿಯನ್ನು ಕಥೆ ಕೇಳಿದಳು. 'ಹಿತ್ತಿಲು ಅಂದರೇನು? ಹೊಸ್ತಿಲು ಅಂದರೇನು?' ಎಂದು ಮೂರು ಮಾತಿಗೊಂದು ಪ್ರಶ್ನೆ. ನಾವು ತಲೆತಗ್ಗಿಸಿದೆವು. ಬ್ಯಾಂಕಿನಲ್ಲಿ ಪರರ ಲೆಕ್ಕವನ್ನು ಪೈಸೆ ಪೈಸೆಗೂ ತಾಳೆ ನೋಡುವ ನಾವು, ಮನೆಯ ಖಾತೆಯಲ್ಲೇ ಇಷ್ಟು ಬಾಕಿ ಬಿದ್ದದ್ದನ್ನು ಕಂಡಿರಲಿಲ್ಲ!

ನಾಲ್ಕನೆಯ ಸಂಜೆ ಅವಳೇ ಅಜ್ಜಿಗೆ ಕಥೆ ಹೇಳತೊಡಗಿದಳು, ತಪ್ಪು ತಪ್ಪಾಗಿ, ಆದರೆ ಕನ್ನಡದಲ್ಲಿ. ಅಷ್ಟರಲ್ಲಿ ದೀಪ ಬಂತು. ಕಟ್ಟಡವೆಲ್ಲ ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವು. ಮಗಳು ಟಿವಿಯ ಕಡೆ ಓಡಿದಳು. ಕಥೆ ಅರ್ಧಕ್ಕೇ ನಿಂತಿತು.

ಬಂಧುಗಳೇ, ಸಂಜೆಗೆ ಅರ್ಧ ಗಂಟೆ ಟಿವಿ, ಮೊಬೈಲುಗಳನ್ನು ನಾವೇ ಆರಿಸೋಣ. ಇನ್ನೊಂದು ಬಿರುಗಾಳಿಗೆ ಕಾಯದೆ, ನಿಂತ ಕಥೆಯನ್ನು ಮುಂದುವರಿಸೋಣ.

ಸಿರಿಗನ್ನಡಂ ಗೆಲ್ಗೆ.