ನಳಿಗೆಯ ತಿರುಪು



ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಅಡಿಕೆಯ ತೋಟಗಳಲ್ಲಿ ಇರುಳು ಕಳೆದವರಿಗೆ ಕೋವಿಯ ಪರಿಚಯ ಮಾಡಿಕೊಡಬೇಕಾದುದಿಲ್ಲ. ಕಾಡುಪ್ರಾಣಿಗಳಿಂದ ಬೆಳೆಯನ್ನು ಕಾಯಲೆಂದು ಪರವಾನಗಿ ಪಡೆದ ಕೋವಿಗಳು ಅಲ್ಲಿನ ಅನೇಕ ಮನೆಗಳಲ್ಲಿವೆ. ಚುನಾವಣೆ ಬಂದಾಗ ಅವು ಠಾಣೆಯನ್ನು ಸೇರಿ, ಮುಗಿದ ಬಳಿಕ ಮನೆಗೆ ಮರಳುವುವು. ತೋಟೆ ಹಾಕುವ ಕೋವಿಯ ಜತೆಗೆ, ಬಾಯಿಂದಲೇ ಮದ್ದನ್ನೂ ಸೀಸದ ಚರೆಯನ್ನೂ ತುಂಬಿ ಕೇಪಿನಿಂದ ಸಿಡಿಸುವ ಹಳೆಯ ಕೋವಿಯೂ ಉಂಟು. ಅದರ ನಳಿಗೆಯ ಒಳಮೈ ನುಣುಪು. 'ಅದರೊಳಗೆ ತಿರುಪುಗೆರೆ ಕೊರೆಸಿದರೆ ಗುರಿ ಸುಧಾರಿಸದೆ? ತಿರುಪು ಬಿಗಿಯಾದಷ್ಟೂ ಲೇಸಲ್ಲವೆ?' ಎಂಬ ಎರಡು ಪ್ರಶ್ನೆಗಳನ್ನು ಇಂದು ವಿಚಾರ ಮಾಡೋಣ.

ನುಣುಪು ನಳಿಗೆಯೊಳಗೆ ಉರುಟು ಗುಂಡು ಗೋಡೆಗೆ ತಗುಲಿ, ಮನಬಂದಂತೆ ಉರುಳುತ್ತ ಹೊರಬೀಳುವುದು. ಆ ಉರುಳಾಟದಿಂದಲೇ ಗಾಳಿಯಲ್ಲಿ ಅದು ಬದಿಗೆ ಸರಿಯುವುದೆಂದು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 18ನೆಯ ಶತಮಾನದಲ್ಲಿಯೇ ತೋರಿಸಿದನು. ತಿರುಪುಗೆರೆಯಾದರೋ ಗುಂಡನ್ನು ಬುಗುರಿಯಂತೆ ಒಂದೇ ಅಚ್ಚಿನ ಮೇಲೆ ತಿರುಗಿಸುವುದು.

ಹಾಗಾದರೆ ಎಷ್ಟು ತಿರುಪು ಬೇಕು? 1879ರಲ್ಲಿ ಗ್ರೀನ್‌ಹಿಲ್ ಎಂಬ ಗಣಿತಜ್ಞನು ಒಂದು ಸರಳ ಸೂತ್ರವನ್ನು ಕೊಟ್ಟನು. ಗುಂಡಿನ ಅಡ್ಡಳತೆಯ ವರ್ಗವನ್ನು 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿದರೆ, ಎಷ್ಟು ಅಂಗುಲಕ್ಕೆ ಒಂದು ಸುತ್ತು ಬೇಕೆಂಬುದು ದೊರೆಯುವುದು. ಅರ್ಧ ಅಂಗುಲದ ಉರುಟು ಗುಂಡಿಗೆ 75 ಅಂಗುಲಕ್ಕೆ ಒಂದು ಸುತ್ತು ಸಾಕು. ಅದೇ ದಪ್ಪದ, ಒಂದಂಗುಲ ಉದ್ದದ ಗುಂಡಿಗೆ 37½ ಅಂಗುಲಕ್ಕೇ ಒಂದು ಸುತ್ತು ಬೇಕು. ಉದ್ದವಾದ ಗುಂಡು ಮಗುಚಿ ಬೀಳಬಯಸುವುದು. ಉರುಟಿಗೆ ಆ ಭಯವಿಲ್ಲ. 1850ರ ದಶಕದಲ್ಲಿ ವಿಟ್‌ವರ್ತನು ತನ್ನ ನೀಳವಾದ ಗುಂಡಿಗೆ 20 ಅಂಗುಲಕ್ಕೊಂದು ಸುತ್ತನ್ನು ಆರಿಸಿದುದು ಈ ಕಾರಣದಿಂದಲೇ.

ಪರದೇಶಗಳ ಗುರಿಪಂದ್ಯಗಳಲ್ಲಿ ಬಾಯಿಂದ ತುಂಬುವ ಪಿಸ್ತೂಲು ಇಂದಿಗೂ ಬಳಕೆಯಲ್ಲಿದೆ. ಅದರ ನಳಿಗೆ ಗಿಡ್ಡ, ಮದ್ದು ಅಲ್ಪ, ಗುಂಡಿನ ವೇಗ ಕಡಮೆ. ವೇಗ ಅರ್ಧವಾದರೆ, ಅದೇ ತಿರುಪಿನಲ್ಲಿ ಸುತ್ತುವ ರಭಸವೂ ಅರ್ಧವಾಗುವುದು. ಆದುದರಿಂದ ಪಿಸ್ತೂಲಿಗೆ ಉದ್ದ ಕೋವಿಗಿಂತ ಬಿಗಿಯಾದ ತಿರುಪನ್ನು ಆರಿಸುವರು. ಆದರೆ ಬಿಗಿ ಮಿತಿಮೀರಿ, ಮದ್ದೂ ಹೆಚ್ಚಿದರೆ, ಮೃದುವಾದ ಸೀಸ ಗೆರೆಯನ್ನು ಹಿಡಿಯದೆ ಕಿತ್ತುಕೊಂಡು ನೇರವಾಗಿ ಜಾರುವುದು. ಬಿಗಿಯೇ ಗುಣವೆಂಬುದು ಇಲ್ಲಿಗೆ ಸುಳ್ಳಾಯಿತು.

ಇನ್ನು ನಮ್ಮ ತೋಟದ ಕೋವಿ. ಅದು ಹಾರಿಸುವುದು ಚರೆಯನ್ನು. ತಿರುಗುತ್ತ ಹೊರಟ ಚರೆ ಮಳೆಗಾಲದ ಕೊಡೆ ತಿರುಗಿಸಿದಾಗ ಸಿಡಿಯುವ ಹನಿಗಳಂತೆ ಸುತ್ತಲೂ ಚದರಿ, ನಡುವೆ ಬರಿದಾಗುವುದು. ಅದಕ್ಕೆ ನುಣುಪೇ ತಕ್ಕುದು. ಇನ್ನೂ ಒಂದು ಮಾತುಂಟು. ಸುಳ್ಯದ ಕಡೆ ಮನೆಗಳು ಒತ್ತಾಗಿಲ್ಲ; ಗುಡ್ಡದ ಒಂದೊಂದು ತಿರುವಿನಲ್ಲಿ, ತೋಟದ ಮರೆಯಲ್ಲಿ, ಒಂದೊಂದು ಮನೆ. ಚರೆ ಬೇಗನೆ ಬಲಗುಂದಿ ಬೀಳುವುದು. ತಿರುಪಿನ ನಳಿಗೆಯ ಒಂಟಿಗುಂಡು ಹಂದಿಗೆ ತಪ್ಪಿದರೆ ಕತ್ತಲೆಯಲ್ಲಿ ನೆರೆಯವರ ಅಂಗಳದವರೆಗೂ ಹೋದೀತು. ಪರವಾನಗಿಯಿಲ್ಲದೆ ಕೋವಿಯನ್ನು ಮಾರ್ಪಡಿಸಲು 1959ರ ಶಸ್ತ್ರಾಸ್ತ್ರ ಕಾಯಿದೆಯೂ ಬಿಡದು.

ಗುಂಡನ್ನು ನೋಡಿ ತಿರುಪನ್ನು ಆರಿಸಬೇಕು. ಗುಂಡನ್ನು ಆರಿಸುವ ಮುನ್ನ ಅದು ಹೋಗುವ ದಾರಿಯಲ್ಲಿ ಯಾರಿದ್ದಾರೆಂಬುದನ್ನು ನೋಡಬೇಕು. ಇಷ್ಟನ್ನು ಅರಿಕೆ ಮಾಡಿ ನಮ್ಮ ಮಾತನ್ನು ಮುಗಿಸುತ್ತೇವೆ.