ಊರೊಳಗೆ ಬಂದ ಲಾರಿ ಎಷ್ಟು ದೂರದಲ್ಲಿ ನಿಲ್ಲುತ್ತದೆ?

ಜಲ್ಲಿ ತುಂಬಿದ ಟಿಪ್ಪರ್ ಶಾಲೆಯ ಮುಂದೆ ಹಾದುಹೋಗುವಾಗ ಏನಾಗುತ್ತದೆ ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಕಿಟಕಿ ಗಡಗಡ ಎನ್ನುತ್ತದೆ, ಧೂಳು ಒಳಗೆ ನುಗ್ಗುತ್ತದೆ, ಮೇಷ್ಟ್ರು ಅರ್ಧ ವಾಕ್ಯದಲ್ಲೇ ನಿಲ್ಲಿಸಿ ಅದು ಹೋಗಲಿ ಎಂದು ಕಾಯುತ್ತಾರೆ. ಕ್ರಷರ್ ಇರುವ ಊರುಗಳಲ್ಲಿ, ಸಂಡೂರಿನ ಗಣಿ ಸೀಮೆಯಲ್ಲಿ, ಮಂಡ್ಯದ ಕಡೆ ಕಬ್ಬು ಕಡಿಯುವ ತಿಂಗಳುಗಳಲ್ಲಿ ಇದು ದಿನವೂ ಇದ್ದದ್ದೇ. ಲಾರಿಯೇ ಬೇಡ ಎನ್ನಲಾಗದು. ನಿಮ್ಮ ಶಾಲೆಯ ಗೋಡೆಗೆ ಸಿಮೆಂಟು ಬಂದದ್ದು, ಬಿಸಿಯೂಟಕ್ಕೆ ಅಕ್ಕಿ ಬರುವುದು ಲಾರಿಯಲ್ಲೇ. ಆದರೆ ಊರೊಳಗೆ ಅದು ಎಷ್ಟು ವೇಗದಲ್ಲಿ ಬರಬಹುದು ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಲೆಕ್ಕವಿದೆ. ರಸ್ತೆ ದಾಟುವವರು ನೀವು, ಆದ್ದರಿಂದ ಆ ಲೆಕ್ಕ ನಿಮಗೂ ಗೊತ್ತಿರಲಿ.

ಮೊದಲು ನಿಮ್ಮ ಕಣ್ಣಿನಿಂದಲೇ ಶುರು ಮಾಡೋಣ. "ಎರಡೂ ಕಡೆ ನೋಡಿ ದಾಟು ಮಗಾ" ಎಂದು ಅಜ್ಜಿ ದಿನವೂ ಹೇಳುತ್ತಾರೆ. ನೀವು ನೋಡುತ್ತೀರಿ. ದೂರದಲ್ಲಿ ಲಾರಿ ಕಾಣುತ್ತದೆ. ಅದು ನಿಂತಿದೆಯೋ, ಬರುತ್ತಿದೆಯೋ, ಬರುತ್ತಿದ್ದರೆ ಎಷ್ಟು ಜೋರಾಗಿ ಬರುತ್ತಿದೆ ಎಂದು ಕಣ್ಣು ಹೇಗೆ ತಿಳಿಯುತ್ತದೆ? ಲಾರಿ ನೇರವಾಗಿ ನಿಮ್ಮ ಕಡೆಗೇ ಬರುತ್ತಿರುವಾಗ ಅದು ಎಡಕ್ಕೂ ಸರಿಯುವುದಿಲ್ಲ, ಬಲಕ್ಕೂ ಸರಿಯುವುದಿಲ್ಲ. ಕಣ್ಣಿಗೆ ಸಿಗುವ ಸುಳಿವು ಒಂದೇ: ಅದರ ಗಾತ್ರ ದೊಡ್ಡದಾಗುತ್ತಾ ಹೋಗುವುದು.

ಈ ಸುಳಿವು ನಂಬಿಕೆಗೆ ಅರ್ಹವಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ 100 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಅದು 50 ಮೀಟರಿಗೆ ಬಂದಾಗ ಎರಡರಷ್ಟು ದೊಡ್ಡದಾಗಿ ಕಾಣುತ್ತದೆ. ಅಷ್ಟಕ್ಕೆ 3 ಸೆಕೆಂಡು ಬೇಕು. ಇನ್ನೊಮ್ಮೆ ಎರಡರಷ್ಟಾಗಲು ಒಂದೂವರೆ ಸೆಕೆಂಡು ಸಾಕು. ಆಮೇಲಿನ ಸಲಕ್ಕೆ ಮುಕ್ಕಾಲು ಸೆಕೆಂಡು. ಅಂದರೆ ಬಹಳ ಹೊತ್ತು ಲಾರಿ ಹಾಗೇ ಇದ್ದಂತೆ ಕಂಡು, ಕೊನೆಯ ಗಳಿಗೆಯಲ್ಲಿ ಇದ್ದಕ್ಕಿದ್ದಂತೆ ಬೆಟ್ಟದಂತಾಗಿ ಮುಂದೆ ನಿಲ್ಲುತ್ತದೆ.

ಇನ್ನೊಂದು ವಿಚಿತ್ರವಿದೆ. ನಿಮ್ಮ ಬಳಿಗೆ ಬರಲು ಇನ್ನೂ 5 ಸೆಕೆಂಡು ಬೇಕಾದ ಎರಡು ಲಾರಿಗಳನ್ನು ಯೋಚಿಸಿ. ಒಂದರ ವೇಗ ಗಂಟೆಗೆ 30 ಕಿಲೋಮೀಟರ್, ಇನ್ನೊಂದರದು 60. ನಿಧಾನದ್ದು ನಲವತ್ತೆರಡು ಮೀಟರ್ ದೂರದಲ್ಲಿರುತ್ತದೆ, ವೇಗದ್ದು ಎಂಬತ್ತಮೂರು ಮೀಟರ್ ದೂರದಲ್ಲಿ. ದೂರದಲ್ಲಿರುವುದರಿಂದ ವೇಗದ ಲಾರಿಯೇ ಚಿಕ್ಕದಾಗಿ ಕಾಣುತ್ತದೆ, ಅದರ ಗಾತ್ರ ಬೆಳೆಯುವುದೂ ನಿಧಾನ. ಹೆಚ್ಚು ಅಪಾಯದ್ದೇ ಹೆಚ್ಚು ಸಾಧುವಾಗಿ ಕಾಣುತ್ತದೆ!

ಇಂಗ್ಲೆಂಡಿನ ರಾಯಲ್ ಹಾಲೋವೇ ಎಂಬ ವಿದ್ಯಾಸಂಸ್ಥೆಯ ವಿಜ್ಞಾನಿಗಳು ಇದನ್ನು ಪ್ರಾಥಮಿಕ ಶಾಲೆಯ ಮಕ್ಕಳಲ್ಲೂ ದೊಡ್ಡವರಲ್ಲೂ ಪರೀಕ್ಷಿಸಿ ನೋಡಿದರು. ಅವರ ವರದಿ 2011ರಲ್ಲಿ ಪ್ರಕಟವಾಯಿತು. ಗಂಟೆಗೆ ಸುಮಾರು 32 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಬರುವ ವಾಹನ ಹತ್ತಿರವಾಗುತ್ತಿದೆ ಎಂಬುದನ್ನೇ ಮಕ್ಕಳ ಕಣ್ಣು ಗುರುತಿಸದೆ ಹೋಗಬಹುದು ಎಂದು ಅವರು ಕಂಡುಕೊಂಡರು. ದೊಡ್ಡವರು ಇದಕ್ಕಿಂತ ಎಷ್ಟೋ ಹೆಚ್ಚು ವೇಗವನ್ನು ಗುರುತಿಸಬಲ್ಲರು. ಆ ಸಾಮರ್ಥ್ಯ ವಯಸ್ಸಿನೊಂದಿಗೆ ಬೆಳೆಯುವಂಥದ್ದು, ಎತ್ತರ ಬೆಳೆದ ಹಾಗೆ. ಆದ್ದರಿಂದ ಯಾರಾದರೂ "ನೋಡಿಕೊಂಡು ದಾಟೋಕೆ ಬರಲ್ವಾ?" ಎಂದು ಮಗುವನ್ನು ಗದರಿದರೆ ಅದು ಅನ್ಯಾಯ. ಮಗು ನೋಡಿರುತ್ತದೆ. ಕಣ್ಣು ಇನ್ನೂ ಆ ಕೆಲಸಕ್ಕೆ ತಯಾರಾಗಿರುವುದಿಲ್ಲ, ಅಷ್ಟೆ. ಬೆಳೆಯದ ಕಣ್ಣನ್ನು ಅವಸರಪಡಿಸಲು ಸಾಧ್ಯವಿಲ್ಲ. ಲಾರಿಯ ವೇಗವನ್ನು ಇಳಿಸಲು ಸಾಧ್ಯವಿದೆ.

ಇನ್ನು ಡ್ರೈವರ್ ಕಡೆಯಿಂದ ನೋಡೋಣ. ರಸ್ತೆಯ ಮೇಲೆ ಚೆಂಡು ಉರುಳಿ ಬಂತು. ಡ್ರೈವರ್ ಅಣ್ಣ ಅದನ್ನು ಕಂಡು, ಅದರ ಹಿಂದೆ ಮಗು ಓಡಿ ಬರಬಹುದು ಎಂದು ಊಹಿಸಿ, ಕಾಲನ್ನು ಬ್ರೇಕಿನ ಮೇಲೆ ಇಡುವಷ್ಟರಲ್ಲಿ, ಅವರು ಎಷ್ಟೇ ಚುರುಕಾಗಿದ್ದರೂ, ಒಂದು ಸೆಕೆಂಡು ಕಳೆಯುತ್ತದೆ. ಲಾರಿಯಲ್ಲಿ ಇನ್ನೊಂದು ತಡವೂ ಇದೆ. ಲಾರಿ ನಿಂತಾಗ 'ಪುಸ್ಸ್' ಎಂಬ ಸದ್ದು ಕೇಳಿದ್ದೀರಲ್ಲ, ಅದು ಏರ್ ಬ್ರೇಕಿನ ಗಾಳಿ. ಪೆಡಲ್ ಒತ್ತಿದ ಮೇಲೆ ಒತ್ತಡದ ಗಾಳಿ ಕೊಳವೆಗಳಲ್ಲಿ ಹರಿದು ಚಕ್ರಗಳ ಬಳಿ ತಲುಪಿ ಬ್ರೇಕನ್ನು ಕಚ್ಚಿಸಲು ಸುಮಾರು ಅರ್ಧ ಸೆಕೆಂಡು ಬೇಕು. ಈ ಒಂದೂವರೆ ಸೆಕೆಂಡು ಲಾರಿ ಕಿಂಚಿತ್ತೂ ನಿಧಾನವಾಗದೆ ಓಡುತ್ತಲೇ ಇರುತ್ತದೆ.

ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು ಹದಿನೇಳು ಮೀಟರ್. ಒಂದೂವರೆ ಸೆಕೆಂಡಿನಲ್ಲಿ 25 ಮೀಟರ್ ಹೋಯಿತು. ಬ್ರೇಕ್ ಕಚ್ಚುವುದು ಅಲ್ಲಿಂದ ಮುಂದೆ. ರಸ್ತೆ ಒಣಗಿದ್ದು ಟೈರು ಚೆನ್ನಾಗಿದ್ದರೆ ಇನ್ನೂ ಇಪ್ಪತ್ತೆಂಟು ಮೀಟರ್ ಉರುಳಿ ಲಾರಿ ನಿಲ್ಲುತ್ತದೆ. ಒಟ್ಟು ಸುಮಾರು 53 ಮೀಟರ್. ಅದೇ ಲಾರಿ 30ರ ವೇಗದಲ್ಲಿದ್ದರೆ? ಮೊದಲ ಭಾಗ ಅರ್ಧವಾಗುತ್ತದೆ, ಹನ್ನೆರಡೂವರೆ ಮೀಟರ್. ಎರಡನೆಯ ಭಾಗ ಅರ್ಧವಲ್ಲ, ಕಾಲು ಭಾಗವಾಗುತ್ತದೆ, 7 ಮೀಟರ್. 20 ಮೀಟರಿನೊಳಗೆ ಲಾರಿ ನಿಂತಿರುತ್ತದೆ.

ಈಗ ಆ ಮಗು ಲಾರಿಯಿಂದ 20 ಮೀಟರ್ ಮುಂದೆ ಇದೆ ಎಂದುಕೊಳ್ಳಿ. 30ರ ವೇಗದ ಲಾರಿ ಮಗುವಿನ ಹತ್ತಿರ ಬಂದು ನಿಂತಿತು. ಡ್ರೈವರ್ ಅಣ್ಣ ಬೈದಾರು, ಮಗು ಅತ್ತೀತು, ಚೆಂಡು ಸಿಕ್ಕೀತು. 60ರ ವೇಗದ ಲಾರಿಗೆ ಆ ಜಾಗದಲ್ಲಿ ಬ್ರೇಕ್ ಇನ್ನೂ ಕಚ್ಚಿಯೇ ಇರುವುದಿಲ್ಲ. ಇಡೀ ಬರಹದಲ್ಲಿ ನೀವು ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ವೇಗ ಅರ್ಧವಾದರೆ ಬ್ರೇಕಿನ ದೂರ ಕಾಲು ಭಾಗವಾಗುವುದು ಏಕೆ? ಓಡುವ ವಸ್ತುವಿನಲ್ಲಿ ಚಲನ ಶಕ್ತಿ ಇರುತ್ತದೆ. ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಲಾರಿ ನಿಲ್ಲಬೇಕಾದರೆ ಆ ಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗಿ ಮುಗಿಯಬೇಕು. ಹತ್ತು ಚಕ್ರದ ಲಾರಿ ಸರಕು ಸೇರಿ 28 ಟನ್ ಇದ್ದು 60ರ ವೇಗದಿಂದ ನಿಂತರೆ ಹುಟ್ಟುವ ಶಾಖ, ಒಂದು ಕೊಡ ತಣ್ಣೀರನ್ನು, ಅಂದರೆ ಸುಮಾರು 12 ಲೀಟರನ್ನು, ಕುದಿಯುವ ಮಟ್ಟಕ್ಕೆ ತರಬಲ್ಲದು. 30ರ ವೇಗದಿಂದ ನಿಂತರೆ 3 ಲೀಟರಿಗೆ ಮಾತ್ರ ಸಾಕಾಗುತ್ತದೆ.

"ಹತ್ತು ಕಿಲೋಮೀಟರ್ ಹೆಚ್ಚಾದರೆ ಏನು ಮಹಾ?" ಎಂದು ಕೇಳುವವರಿದ್ದಾರೆ. ಅವರಿಗೆ ಈ ಲೆಕ್ಕ ಹೇಳಿ. ಎರಡು ಲಾರಿಗಳು ಅಕ್ಕಪಕ್ಕ ಬರುತ್ತಿವೆ, ಒಂದು 40ರಲ್ಲಿ, ಇನ್ನೊಂದು 50ರಲ್ಲಿ. ಇಬ್ಬರು ಡ್ರೈವರುಗಳೂ ಒಂದೇ ಕ್ಷಣದಲ್ಲಿ ಮಗುವನ್ನು ಕಂಡರು, ಇಬ್ಬರೂ ಒಂದೇ ಕ್ಷಣದಲ್ಲಿ ಬ್ರೇಕ್ ಒತ್ತಿದರು. 40ರ ಲಾರಿ ಪೂರ್ತಿ ನಿಂತ ಜಾಗವನ್ನು ಇನ್ನೊಂದು ಲಾರಿ ದಾಟುವಾಗ ಅದರ ವೇಗ ಎಷ್ಟಿರುತ್ತದೆ? ಹತ್ತಲ್ಲ, ಸುಮಾರು 38!

2020ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಜಗತ್ತಿನ ದೇಶಗಳು ರಸ್ತೆ ಸುರಕ್ಷತೆಗಾಗಿ ಸಭೆ ಸೇರಿದವು. ಜನರೂ ವಾಹನಗಳೂ ಬೆರೆತು ಓಡಾಡುವ ಕಡೆ 30 ಕಿಲೋಮೀಟರಿಗಿಂತ ಹೆಚ್ಚು ವೇಗ ಇರಕೂಡದು ಎಂದು ಅಲ್ಲಿ ಘೋಷಿಸಲಾಯಿತು. ವೇಲ್ಸ್ ದೇಶ 2023ರ ಸೆಪ್ಟೆಂಬರಿನಿಂದ ಊರೊಳಗಿನ ಹೆಚ್ಚಿನ ರಸ್ತೆಗಳಿಗೆ ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರ್, ಎಂಬ ಮಿತಿ ತಂದಿತು. ಮಕ್ಕಳ ಕಣ್ಣಿನ ಬಗ್ಗೆ ಸಿಕ್ಕ ಸಂಖ್ಯೆಯೂ ಅದೇ ಎಂಬುದನ್ನು ಗಮನಿಸಿ.

ಬೋರ್ಡು ನೆಟ್ಟರೆ ಎಲ್ಲರೂ ನಿಧಾನವಾಗುತ್ತಾರೆಯೇ? ಇಲ್ಲ. ಹೆದ್ದಾರಿಯಲ್ಲಿ ಬಹಳ ಹೊತ್ತು 80ರಲ್ಲಿ ಓಡಿಸಿದವರಿಗೆ 50 ಎಂದರೆ ತೆವಳಿದಂತೆ ಅನಿಸುತ್ತದೆ. ಮಿದುಳು ವೇಗಕ್ಕೆ ಒಗ್ಗಿಹೋಗಿರುತ್ತದೆ. ರಸ್ತೆ ಅಗಲವಾಗಿ, ನೇರವಾಗಿ ಇದ್ದಷ್ಟೂ ಪಕ್ಕದ ದೃಶ್ಯಗಳು ದೂರದಲ್ಲಿ ಮೆಲ್ಲಗೆ ಸರಿಯುತ್ತವೆ, ವೇಗದ ಅರಿವು ಇನ್ನಷ್ಟು ಕಡಿಮೆಯಾಗುತ್ತದೆ. ಅದಕ್ಕೇ ಬ್ರಿಟನ್ನಿನ ಅನೇಕ ಹಳ್ಳಿಗಳ ಬಾಯಿಯಲ್ಲಿ ರಸ್ತೆಯ ಎರಡೂ ಬದಿಗೆ ಬಿಳಿ ಗೇಟುಗಳನ್ನು ನಿಲ್ಲಿಸಿ, ರಸ್ತೆ ಕಿರಿದಾದಂತೆ ಕಾಣಿಸುತ್ತಾರೆ. "ಇಲ್ಲಿಂದ ಊರು ಶುರು" ಎಂದು ಮಿದುಳಿಗೆ ತಿಳಿಸುವ ಉಪಾಯ ಅದು. ನಮ್ಮ ಎಷ್ಟೋ ಊರುಗಳಿಗೆ ಸ್ವಾಗತ ಕಮಾನು ಈಗಾಗಲೇ ಇದೆ. ಅದರ ಬಳಿಯೇ ವೇಗಮಿತಿಯ ಬೋರ್ಡು, ರಸ್ತೆಯ ಮೇಲೆ ಅಡ್ಡ ಬಿಳಿ ಪಟ್ಟೆಗಳು ಬಂದರೆ ಕಮಾನು ಒಳ್ಳೆಯ ಕೆಲಸ ಮಾಡೀತು.

ಆದರೂ ಕೇಳದವರಿಗೆ ಹಂಪ್ ಇದೆ. ಇದರ ಹಿಂದೆ ಒಬ್ಬ ದೊಡ್ಡ ಭೌತವಿಜ್ಞಾನಿ ಇದ್ದಾರೆ. ನಮ್ಮ ಸಿ. ವಿ. ರಾಮನ್ ಅವರಿಗೆ ನೊಬೆಲ್ ಬಂದದ್ದು 1930ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ನೊಬೆಲ್ ಪಡೆದವರು ಅಮೆರಿಕದ ಆರ್ಥರ್ ಕಾಂಪ್ಟನ್. ಇಬ್ಬರೂ ಕಿರಣಗಳ ಚದುರುವಿಕೆಯನ್ನು ಅಭ್ಯಾಸ ಮಾಡಿದವರು. ಸೇಂಟ್ ಲೂಯಿಸ್ ನಗರದಲ್ಲಿ ತಮ್ಮ ವಿಶ್ವವಿದ್ಯಾಲಯದ ಆವರಣದೊಳಗೆ ಕಾರುಗಳು ರಭಸದಿಂದ ಓಡುವುದನ್ನು ಕಂಡ ಕಾಂಪ್ಟನ್, 1953ರಲ್ಲಿ ರಸ್ತೆಯ ಉಬ್ಬುಗಳ ವಿನ್ಯಾಸವನ್ನು ತಾವೇ ಲೆಕ್ಕ ಹಾಕಿ ಮಾಡಿದರು.

ಲೆಕ್ಕ ಏಕೆ ಬೇಕು, ಒಂದು ಗುಪ್ಪೆ ಮಣ್ಣು ಸುರಿದರೆ ಸಾಲದೇ ಎನ್ನಬಹುದು. ಸಾಲದು. ಗೇಣುದ್ದದ ಚೂಪು ದಿಣ್ಣೆ ಹಾಕಿದರೆ ಬೈಕಿನವರು ಎಗರಿ ಬೀಳುತ್ತಾರೆ. ದೊಡ್ಡ ವಾಹನ ಜೋರಾಗಿ ಹೋದರೆ ಚಕ್ರ ಮಾತ್ರ ಮೇಲೆ ಕೆಳಗೆ ಆಡುತ್ತದೆ, ಕುಲುಕನ್ನು ಸ್ಪ್ರಿಂಗ್ ನುಂಗಿಬಿಡುತ್ತದೆ. ಹಂಪ್ ಅಗಲವಾಗಿದ್ದರೆ ಸ್ಪ್ರಿಂಗಿಗೆ ತಪ್ಪಿಸಿಕೊಳ್ಳಲಾಗದು, ಇಡೀ ಗಾಡಿಯೇ ಏರಿ ಇಳಿಯಬೇಕು. ವೇಗ ಹೆಚ್ಚಿದ್ದಷ್ಟೂ ಡ್ರೈವರಿಗೆ ಕುಲುಕಾಟ ಹೆಚ್ಚು. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ಹೇಳುವ ಅಳತೆ ಇದು: ನಡುವೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಂಸ. ದಾಟುವ ವೇಗ ಗಂಟೆಗೆ 25 ಕಿಲೋಮೀಟರ್. ಆಟದ ಮೈದಾನದಲ್ಲಿ 17 ಮೀಟರ್ ಹಗ್ಗ ಹಿಡಿದು ದೊಡ್ಡ ವೃತ್ತದ ಒಂದು ತುಂಡು ಎಳೆಯಿರಿ. ಆ ಕಂಸದ ಮೇಲಿನ ಎರಡು ಬಿಂದುಗಳನ್ನು 3.7 ಮೀಟರ್ ಉದ್ದದ ನೇರ ಗೆರೆಯಿಂದ ಸೇರಿಸಿ, ಗೆರೆಯ ನಡುವಿನಿಂದ ಕಂಸಕ್ಕೆ ಅಳೆದು ನೋಡಿ. ಸುಮಾರು ಅರ್ಧ ಗೇಣು, 10 ಸೆಂಟಿಮೀಟರ್ ಬರುತ್ತದೆ. ಹಂಪಿಗೆ ಬಣ್ಣ ಬಳಿದಿರಬೇಕು, ಮುಂಚಿತವಾಗಿ ಬೋರ್ಡು ಇರಬೇಕು. ರಾಷ್ಟ್ರೀಯ ಹೆದ್ದಾರಿಯ ಮೇಲೆ ಸಾಮಾನ್ಯವಾಗಿ ಹಂಪ್ ಹಾಕುವಂತಿಲ್ಲ, ಅಲ್ಲಿ ಊರಿನ ಹೊರಗಿನ ಬೈಪಾಸೇ ಸರಿಯಾದ ದಾರಿ.

ಭಾರದ ಮಾತೂ ಇದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಬರೀ ಪರೀಕ್ಷೆಗಾಗಿ ರಸ್ತೆಗಳನ್ನು ಕಟ್ಟಿ, ಅವುಗಳ ಮೇಲೆ ಲಾರಿಗಳನ್ನು ಓಡಿಸಿ ಓಡಿಸಿ ರಸ್ತೆ ಹೇಗೆ ಹಾಳಾಗುತ್ತದೆ ಎಂದು ನೋಡಿದರು. ಒಂದು ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡರಷ್ಟಲ್ಲ, ಸುಮಾರು ಹದಿನಾರರಷ್ಟು ಎಂದು ತಿಳಿಯಿತು. ಓವರ್‌ಲೋಡ್ ಲಾರಿ ಓಡಾಡುವ ಊರಿನ ರಸ್ತೆ ಒಂದೇ ಮಳೆಗಾಲದಲ್ಲಿ ಗುಂಡಿ ಬೀಳುವುದು ಇದರಿಂದಲೇ. ಗುಂಡಿ ತಪ್ಪಿಸಲು ಬೈಕು, ಬಸ್ಸು ಎಲ್ಲ ರಸ್ತೆಯ ಅಂಚಿಗೆ ಸರಿಯುತ್ತವೆ. ನೀವು ನಡೆದು ಬರುವುದು ಆ ಅಂಚಿನಲ್ಲೇ.

ಲಾರಿ ಯಾವ ಹೊತ್ತಿನಲ್ಲಿ ಬರಬೇಕು ಎಂದು ಕಟ್ಟು ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆನೆ, ಜಿಂಕೆಗಳು ನಿರ್ಭಯವಾಗಿ ರಸ್ತೆ ದಾಟಲಿ ಎಂದು. ಅದು ನಾವೆಲ್ಲ ಹೆಮ್ಮೆಪಡಬೇಕಾದ ನಿರ್ಧಾರ. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ, ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಜಲ್ಲಿ ಲಾರಿಗಳು ಊರ ಹೊರಗೆ ಕಾಯಲಿ ಎಂದು ಕೇಳುವುದು ಅದಕ್ಕಿಂತ ಎಷ್ಟೋ ಚಿಕ್ಕ ಬೇಡಿಕೆ.

ಅಷ್ಟರವರೆಗೆ ನಿಮ್ಮ ಎಚ್ಚರಿಕೆ ನಿಮಗಿರಲಿ. ನಿಂತ ಲಾರಿಯ ಮೂತಿಯ ಮುಂದೆಯೇ ದಾಟಬೇಡಿ. ಡ್ರೈವರ್ ಎತ್ತರದಲ್ಲಿ ಕೂತಿರುವುದರಿಂದ ಬಂಪರಿನ ಹತ್ತಿರ ನಿಂತ ಮಗು ಅವರಿಗೆ ಕಾಣುವುದೇ ಇಲ್ಲ. ಲಾರಿಯ ಪಕ್ಕದ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ ಅವರಿಗೂ ನೀವು ಕಾಣುತ್ತಿಲ್ಲ ಎಂದೇ ಅರ್ಥ. ತಿರುವಿನಲ್ಲಿ ಲಾರಿಯ ಹಿಂದಿನ ಚಕ್ರಗಳು ಮುಂದಿನವು ಹೋದ ದಾರಿಯಲ್ಲಿ ಹೋಗದೆ ಒಳಕ್ಕೆ ಬರುತ್ತವೆ, ಆದ್ದರಿಂದ ತಿರುವಿನ ಒಳಮೂಲೆಯಲ್ಲಿ ನಿಲ್ಲಬೇಡಿ.

ಕೊನೆಗೆ ಒಂದು ಕೆಲಸ. ಶಾಲೆಯ ಮುಂದಿನ ರಸ್ತೆಯ ಬದಿಯಲ್ಲಿ 50 ಮೀಟರ್ ಅಂತರದ ಎರಡು ಗುರುತುಗಳನ್ನು ಆರಿಸಿಕೊಳ್ಳಿ, ಒಂದು ಮರ, ಒಂದು ಕರೆಂಟು ಕಂಬ ಆದೀತು. ಅಂತರ ಅಳೆಯುವ ಕೆಲಸ ಟೀಚರದ್ದು. ನೀವು ಶಾಲೆಯ ಕಾಂಪೌಂಡಿನ ಒಳಗೇ ನಿಂತು, ಲಾರಿ ಮೊದಲ ಗುರುತಿನಿಂದ ಎರಡನೆಯದಕ್ಕೆ ಬರಲು ಎಷ್ಟು ಸೆಕೆಂಡು ಎಂದು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ನೋಡಿ. 180ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬ ಉತ್ತರ ಸಿಗುತ್ತದೆ. 6 ಸೆಕೆಂಡು ಬಂದರೆ 30. 3 ಸೆಕೆಂಡು ಬಂದರೆ 60. ಒಂದು ವಾರ ಬರೆದಿಟ್ಟು ಪಟ್ಟಿ ಮಾಡಿ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. ಆ ದಿನ ಎದ್ದು ನಿಂತು, ಪಟ್ಟಿಯನ್ನು ಅಧ್ಯಕ್ಷರ ಕೈಗೆ ಕೊಟ್ಟು, ಶಾಲೆಯ ಮುಂದೆ 30ರ ಬೋರ್ಡು ಮತ್ತು ಸರಿಯಾದ ಅಳತೆಯ ಹಂಪ್ ಬೇಕು ಎಂದು ಕೇಳಿ. ನಿಮ್ಮ ಮಾತು ಸಭೆಯ ನಡಾವಳಿಯಲ್ಲಿ ಬರೆಯುವವರೆಗೂ ಕೂರಬೇಡಿ.